ಬಣ್ಣ ಹಾಕುವ ಮುನ್ನ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ತಗಡಿನ ಮಾಡಿನ ಲ್ಯಾಬಿನಲ್ಲಿ ಅವರು ಎರಡೂ ಕಿಟಕಿ ತೆರೆದು, ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಮೈಕ್ರೋಸ್ಕೋಪಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಾರೆ. "ದೇವರೇ, ಇರೋದನ್ನ ತೋರಿಸು. ಇಲ್ಲದ್ದನ್ನ ತೋರಿಸಬೇಡ." ಮೂವತ್ತೊಂದು ವರ್ಷದಿಂದ ಇದೊಂದೇ ಪ್ರಾರ್ಥನೆ. ಆಮೇಲೆ ಮೊದಲ ಡಬ್ಬಿಯ ಮುಚ್ಚಳ ತಿರುವುತ್ತಾರೆ.

ಅವರ ಕೆಲಸ ಕಫ ಪರೀಕ್ಷೆ. ರೋಗಿಗಳ ಬಾಯಲ್ಲಿ ಅವರು 'ಏಡಿಯಕ್ಕ'. ಕೆಮ್ಮುತ್ತ ಬಂದವರನ್ನು ಊರೆಲ್ಲ "ಎಷ್ಟು ದಿನದಿಂದ?" ಎಂದು ಕೇಳಿದರೆ, ಇವರು ಕೇಳುವುದು "ಏಡಿ ತಿಂತೀಯಾ?" ಎಂದು.

ಹೊರಗಿನ ಬೆಂಚಿನ ತುದಿಯಲ್ಲಿ ತೊರೆಯ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಕೂತಿದ್ದಾಳೆ. ಎಂಟು ತಿಂಗಳ ಕೆಮ್ಮು, ತುಕ್ಕಿನ ಬಣ್ಣದ ಕಫ. ಎಕ್ಸ್‌ರೇಯಲ್ಲಿ ನೆರಳು ಕಂಡು ಬೇರೆಲ್ಲೋ ಕ್ಷಯವೆಂದು ಮಾತ್ರೆ ಕೊಟ್ಟರು. ಐದು ತಿಂಗಳು ನುಂಗಿದರೂ ಕೆಮ್ಮು ಜಗ್ಗಲಿಲ್ಲ. ಮನೆಯಲ್ಲಿ ಅವಳ ತಟ್ಟೆ, ಲೋಟ ಬೇರೆಯಾದವು. ಎರಡು ವರ್ಷದ ಮಗಳು ಚಿಕ್ಕಮ್ಮನ ಪಾಲಾದಳು. ಈಗಲೂ ಗೇಟಿನಾಚೆ ಚಿಕ್ಕಮ್ಮನ ಸೊಂಟದ ಮೇಲಿಂದ ಮಗು ಕೈ ಚಾಚುತ್ತಿದೆ. ತಾಯಿ ತನ್ನೆರಡು ಕೈಗಳನ್ನು ಕಂಕುಳಲ್ಲಿ ಅಡಗಿಸಿಟ್ಟುಕೊಂಡಿದ್ದಾಳೆ.

ಇವತ್ತು ಅವಳ ಮೂರನೆಯ ಡಬ್ಬಿ. ಮೊದಲೆರಡರಲ್ಲಿ ಏಡಿಯಕ್ಕ ಹುಡುಕುತ್ತಿರುವುದು ಕಂಡಿಲ್ಲ. ಇದರಲ್ಲೂ ಕಾಣದಿದ್ದರೆ ಸೋಮವಾರದಿಂದ ಇನ್ನೂ ಕಟುವಾದ ಕ್ಷಯದ ಮದ್ದು. ಮಗು ಇನ್ನೊಂದು ವರ್ಷ ದೂರ.

ಮೊದಲ ದಿನ ಏಡಿಯಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದ್ದರು.

"ಏಡಿ ತಿಂತೀಯಾ ತಂಗಿ?"

"ತೊರೆ ಕಲ್ಲಡಿ ಸಿಕ್ಕಿದ್ರೆ ತಿಂತೀನಕ್ಕ. ಕೆಂಡಕ್ಕೆ ಹಾಕಿ."

"ಎಷ್ಟು ಹೊತ್ತು ಬೇಯಿಸ್ತೀಯಾ?"

"ಬಟ್ಟೆ ಒಗೆಸೋ ಯಜಮಾನಿ ಕೂಗೋವರೆಗೂ."

"ಬೇಗ ಕೂಗ್ತಾರಾ?"

"ಆ ಗಂಟಲಿಗೆ ರಜಾನೇ ಇಲ್ಲಕ್ಕ."

ಅರೆಬೆಂದ ಏಡಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಇರಬಹುದು. ಅದು ಹೊಟ್ಟೆಯಿಂದ ಹೊರಟು ಶ್ವಾಸಕೋಶ ಸೇರಿ ಬಿಡಾರ ಹೂಡುತ್ತದೆ; ಅದರ ಮೊಟ್ಟೆಗಳು ಕಫದಲ್ಲಿ ಹೊರಬರುತ್ತವೆ. ಹೊರಗಿನಿಂದ ನೋಡಿದರೆ ಥೇಟ್ ಕ್ಷಯ. ಆದರೆ ಇದು ಕೆಮ್ಮಿನಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ, ಸರಿಯಾದ ಮಾತ್ರೆ ಸಿಕ್ಕರೆ ಮೂರು ದಿನದ ಮದ್ದು ಸಾಕು. ತೊಡಕಿರುವುದು ಹುಡುಕುವುದರಲ್ಲಿ. ಕ್ಷಯದ ಪರೀಕ್ಷೆಗೆ ಕಫವನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಸುರಿದು, ಕಾಯಿಸಿ, ಆಸಿಡ್ಡಿನಲ್ಲಿ ತೊಳೆಯುತ್ತಾರೆ. ಅಷ್ಟರಲ್ಲಿ ಮೊಟ್ಟೆಗಳು ಹಾಳಾಗಿರುತ್ತವೆ. "ಬೀಜ ಹುರಿದು ಮೊಳಕೆಗೆ ಕಾದ ಹಾಗೆ," ಎನ್ನುತ್ತಾರೆ ಏಡಿಯಕ್ಕ. ಅದಕ್ಕೇ ಪ್ರತಿಯೊಬ್ಬರ ಕಫವನ್ನೂ ಮೊದಲು ಬಣ್ಣವಿಲ್ಲದೆ ನೋಡುತ್ತಾರೆ.

ಇದನ್ನು ಅವರಿಗೆ ಕಲಿಸಿದ್ದು ಅವರದೇ ತಪ್ಪು. ಹನ್ನೊಂದು ವರ್ಷದ ಹಿಂದೆ ಅತ್ತೆ ರಕ್ತ ಬೆರೆತ ಕಫ ಕೆಮ್ಮುತ್ತಿದ್ದರು. ಸೊಸೆಯೇ ಬಣ್ಣ ಹಾಕಿ ನೋಡಿದರು, ಹದಿನಾಲ್ಕು ಸಲ. ಪ್ರತಿ ಸಲವೂ 'ಏನೂ ಇಲ್ಲ' ಎಂದು ಬರೆದರು. ಎದೆಯ ನೆರಳು ಮಾತ್ರ ಹೋಗಲಿಲ್ಲ. ಒಮ್ಮೆ ಲ್ಯಾಬಿನಲ್ಲಿ ಬಣ್ಣ ಮುಗಿದು ಒಂಬತ್ತು ದಿನ ಬರಲೇ ಇಲ್ಲ. ಕೈಕಟ್ಟಿ ಕೂರಲಾರದೆ ಅತ್ತೆಯ ಕಫವನ್ನು ಹಾಗೆಯೇ ಇಟ್ಟು ನೋಡಿದರು. ಹೊಂಬಣ್ಣದ, ಮುಚ್ಚಳವಿದ್ದ ಪುಟ್ಟ ಕುಡಿಕೆಗಳಂಥ ಮೊಟ್ಟೆಗಳು. ಒಂದಲ್ಲ, ಆರು.

"ಎರಡು ವರ್ಷ ಅತ್ತೆ ಬೇರೆ ತಟ್ಟೇಲಿ ಉಂಡ್ರು. ಆ ತಟ್ಟೆ ಬೇರೆ ಇಟ್ಟೋಳು ನಾನೇ," ಎನ್ನುತ್ತಾರೆ. "ಈಗ ಅದ್ರಲ್ಲಿ ನಾನು ಉಣ್ತೀನಿ."

ಎಪ್ಪತ್ತೆಂಟರ ಅತ್ತೆಗೆ ಈಗ ಏಡಿಯ ಚಿಂತೆಯೇ ಬೇರೆ. "ಇವಳು ಬೇಯಿಸಿದ್ರೆ ಅದು ಏಡಿಯಾ? ಕಲ್ಲು. ಹುಳ ಸಾಯೋದಿರಲಿ, ನನ್ನ ಹಲ್ಲೂ ಸತ್ತವು."

ದಿನಕ್ಕೆ ಮೂವತ್ತು ಡಬ್ಬಿ ಬರುತ್ತವೆ. ಬಣ್ಣವಿಲ್ಲದ ನೋಟಕ್ಕೆ ಒಂದೊಂದಕ್ಕೆ ನಾಲ್ಕು ನಿಮಿಷ. ಆ ಎರಡು ಗಂಟೆಗಾಗಿಯೇ ಅವರು ಇಷ್ಟು ಬೇಗ ಬರುತ್ತಾರೆ. ಬನ್ನಿ ಎಂದು ಯಾರೂ ಹೇಳಿಲ್ಲ. ಹೀಗೆ ಈವರೆಗೆ ಇನ್ನೂರ ಹದಿನಾಲ್ಕು ಜನರಲ್ಲಿ ಮೊಟ್ಟೆ ಕಂಡಿದ್ದಾರೆ.

ಬಟ್ಟೆ ಒಗೆಯುವವಳ ಕಫದ ಗಾಜಿನ ಪಟ್ಟಿ ಈಗ ಕಣ್ಣಡಿಯಲ್ಲಿದೆ. ಬೆರಳುಗಳು ಉಳುವವನ ಸಾಲಿನಂತೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪಟ್ಟಿ ಸರಿಸುತ್ತವೆ. ನಾಲ್ಕು ನಿಮಿಷ ಕಳೆಯುತ್ತದೆ. ಹತ್ತಾಗುತ್ತದೆ. ಒಂದು ಪಟ್ಟಿ ತೆಗೆದು ಇನ್ನೊಂದು ಇಡುತ್ತಾರೆ. ಹೊರಗೆ ಮಗು ಅತ್ತು ಸುಮ್ಮನಾಗುತ್ತದೆ. ನಾಲ್ಕನೆಯ ಪಟ್ಟಿಯ ಅಂಚಿನಲ್ಲಿ ಬೆರಳು ನಿಲ್ಲುತ್ತದೆ.

"ಡಾಕ್ಟ್ರನ್ನ ಕರೀರಿ," ಎಂದು ಬಾಗಿಲಲ್ಲಿದ್ದ ಆಯಾಗೆ ಹೇಳುತ್ತಾರೆ, ದನಿ ಏರಿಸದೆ.

ಡಾಕ್ಟರು ಬಗ್ಗಿ ನೋಡುತ್ತಾರೆ. ಹಳೆಯ ಚೀಟಿಗಳನ್ನೆಲ್ಲ ಮತ್ತೆ ತಿರುವುತ್ತಾರೆ: ಕ್ಷಯದ ರೋಗಾಣು ಯಾವತ್ತೂ, ಒಮ್ಮೆಯೂ ಕಂಡಿಲ್ಲ. ಬಾಗಿಲಿಗೆ ಬಂದು, "ಇದು ಕ್ಷಯ ಅಲ್ಲಮ್ಮ. ಏಡಿಯಿಂದ ಬಂದ ಹುಳ. ಬೇರೆ ಮಾತ್ರೆ ಕೊಡ್ತೀನಿ," ಎನ್ನುತ್ತಾರೆ.

ಅವಳು ಕೇಳುವುದು ಮಾತ್ರೆಯ ವಿಷಯವಲ್ಲ. "ಎತ್ಕೋಬಹುದಾ?"

"ಯಾರನ್ನ?" ಎಂದ ಡಾಕ್ಟರಿಗೆ ಏಡಿಯಕ್ಕ ಕಣ್ಣಲ್ಲೇ ಗೇಟು ತೋರಿಸುತ್ತಾರೆ.

"ಈಗಲೇ ಎತ್ಕೋಮ್ಮ."

ಅವಳು ಓಡುವುದಿಲ್ಲ. ನಲ್ಲಿಯ ಬಳಿ ಹೋಗಿ ಮೊಣಕೈವರೆಗೂ ಕೈ ತೊಳೆದು, ಒರೆಸಿ, ಆಮೇಲೆ ನಡೆಯುತ್ತಾಳೆ. ಮಗು ಮೊದಲು ಮುಖ ತಿರುಗಿಸಿ ಮುನಿಸು ತೋರುತ್ತದೆ. ಮತ್ತೆ ಕುತ್ತಿಗೆಗೆ ಜೋತುಬೀಳುತ್ತದೆ.

ಏಡಿಯಕ್ಕ ಅಷ್ಟನ್ನು ಕಿಟಕಿಯಿಂದ ನೋಡಿ ಕುರ್ಚಿಗೆ ಮರಳುತ್ತಾರೆ. ಏಳು ತಿಂಗಳಲ್ಲಿ ನಿವೃತ್ತಿ. ಆಸೆಯೇನಾದರೂ ಇದೆಯೇ ಎಂದರೆ ಮುಂದಿರುವ ಅಚ್ಚಾದ ಫಾರಂ ತೋರಿಸುತ್ತಾರೆ. ಅದರಲ್ಲಿ ಬಣ್ಣ ಹಾಕಿ ನೋಡಿದ್ದಕ್ಕೆ ಮಾತ್ರ ಜಾಗವಿದೆ. "ಇಲ್ಲಿ ಇನ್ನೊಂದು ಸಾಲು ಅಚ್ಚು ಹಾಕಿಸಿದ್ರೆ ಸಾಕು. ಖಾಲಿ ಜಾಗ ಕಂಡ್ರೆ ನನ್ನ ನಂತರ ಬರೋರು ನೋಡದೆ ಇರಲ್ಲ."

ಆ ಸಾಲು ಬರುವವರೆಗೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾರೆ. ಇವತ್ತೂ ಬರೆದಿದ್ದಾರೆ, ದುಂಡನೆಯ ಅಕ್ಷರಗಳಲ್ಲಿ: 'ಬಣ್ಣ ಹಾಕದೆ ನೋಡಿದೆ. ಇತ್ತು.'