ವೆರ್ಲಿನ್ ಸ್ಟೆನ್‌ರುಡ್‌ನ ನೆಲದಡಿಯ ಆಸ್ತಿ

ಮೊಂಟಾನಾದ ನಮ್ಮ ಕಣಿವೆಯಲ್ಲಿ ಜಮೀನು ಮಾರುವುದೆಂದರೆ ಈರುಳ್ಳಿ ಸುಲಿದ ಹಾಗೆ. ಮೇಲಿನ ಹುಲ್ಲು ಒಬ್ಬನಿಗೆ, ಕಾಲುವೆಯ ನೀರು ಇನ್ನೊಬ್ಬನಿಗೆ, ಅಡಿಯ ಎಣ್ಣೆ, ಕಲ್ಲಿದ್ದಲು ಮತ್ತೊಬ್ಬನಿಗೆ. ಹೀಗೆ ಪದರ ಪದರವಾಗಿ ಸುಲಿಯುವುದರಲ್ಲಿ ವೆರ್ಲಿನ್ ಸ್ಟೆನ್‌ರುಡ್‌ನನ್ನು ಮೀರಿಸುವವರು ಇರಲಿಲ್ಲ.

ನಾನು ದನಗಳ ಡಾಕ್ಟರು, ಅವನ ಕೊಟ್ಟಿಗೆಯಲ್ಲಿ ಅರ್ಧ ಆಯುಸ್ಸು ಕಳೆದವನು. ಹಸು ಪ್ರಸವದ ನೋವಿನಲ್ಲಿ ಒದ್ದಾಡುತ್ತಿದ್ದರೂ ಅವನು ಮೊದಲು ನನ್ನಿಂದ ಚೀಟಿ ಬರೆಸಿಕೊಳ್ಳುತ್ತಿದ್ದ: ಕರು ಉಳಿದರೆ ಪೂರ್ತಿ ಫೀಸು, ಹೋದರೆ ಅರ್ಧ. ಬರವಣಿಗೆಯಲ್ಲಿ ಇಲ್ಲದ್ದು ಅವನ ಪಾಲಿಗೆ ಈ ಲೋಕದಲ್ಲೇ ಇರಲಿಲ್ಲ. ಅವನ ಹೆಂಡತಿ ಆರ್ಡಿಸ್ ಹುಡುಗಿಯಾಗಿದ್ದಾಗ ಮದುವೆಗೆ ಹೂಂ ಅಂದರೆ, ಬೀಜದ ಪೊಟ್ಟಣದ ಹಿಂಬದಿಯಲ್ಲಿ ಅದನ್ನೂ ಬರೆಸಿಕೊಂಡನಂತೆ. ಚರ್ಚಿನ ಊಟದಲ್ಲಿ ಎಲ್ಲರೆದುರು ಇದನ್ನು ಹೇಳಿ ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಮಕ್ಕಳಿಲ್ಲ. ಮಂಡಿ ಸವೆದಂತೆ ಅವನು ಜಮೀನನ್ನು ತುಂಡು ತುಂಡಾಗಿ ಮಾರಿದ. ಪ್ರತಿ ಸಲವೂ ಅಡಿಯದನ್ನು ಮಾತ್ರ ತನಗೇ ಉಳಿಸಿಕೊಂಡ. ಒಮ್ಮೆ ಯಾವುದೋ ಎಣ್ಣೆ ಕಂಪನಿಯವರು ಬಂದು ಕೊರೆದರು. ಉಪ್ಪುನೀರು ಬಂತು, ಅವರು ಹೋದರು. ವೆರ್ಲಿನ್ ಎದೆಗುಂದಲಿಲ್ಲ. ಅವರು ಸಾಕಷ್ಟು ಆಳಕ್ಕೆ ಹೋಗಲಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಕೊನೆಗೆ ಉಳಿದದ್ದು ದಿಬ್ಬದ ಹುಲ್ಲುಗಾವಲು. ಅದನ್ನು ಕೊಳ್ಳಲು ಬಂದವಳು ಲೊರೇನ್ ಪ್ರೂಯಿಟ್, ಸಿಯಾಟಲ್‌ನಲ್ಲಿ ಹಲ್ಲಿನ ಡಾಕ್ಟರಾಗಿ ನಿವೃತ್ತಳಾದವಳು. ಪಟ್ಟಣದವಳಲ್ಲವೇ, ಟೋಪಿ ಹಾಕಬಹುದು ಅಂದುಕೊಂಡಿದ್ದೆವು. ಆಕೆ ನಮಗೇ ಪಾಠ ಹೇಳಿಕೊಟ್ಟಳು. ನಮ್ಮಲ್ಲಿ ಕಾಲುವೆ ಎಷ್ಟು ಹಳೆಯದೋ ನೀರಿನ ಸರದಿ ಅಷ್ಟು ಮುಂಚೆ. ವೆರ್ಲಿನ್‌ನ ಅಜ್ಜ ಕಾಲುವೆಯನ್ನು ಯಾವ ವರ್ಷ ಅಗೆದದ್ದು ಎಂಬುದನ್ನು ಕೆದಕಿ ತೆಗೆದು, ಹನಿ ಬಿಡದಂತೆ ನೀರನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡಳು. ಅಡಿಯದನ್ನೂ ಕೇಳಿದಳು. ಕೆಫೆಯಲ್ಲಿ ಮೂರು ವಾರ ಸೇಬಿನ ಪೈ ತಿನ್ನುತ್ತಾ ಚೌಕಾಸಿ ನಡೆಯಿತು. ವೆರ್ಲಿನ್ ಜಗ್ಗಲಿಲ್ಲ.

"ಡಾಕ್ಟ್ರೇ, ಹಲ್ಲು ನಿಮ್ದು. ಬೇರು ನಂದು," ಎಂದ.

ಆ ಒಂದು ಮಾತಿಗೆ ಊರೆಲ್ಲ ತಿಂಗಳುಗಟ್ಟಲೆ ನಕ್ಕಿತು. ಆಕೆ ಮಾತ್ರ ನಗದೆ ಹಣ ಕೊಟ್ಟು ದಿಬ್ಬ ಕೊಂಡಳು.

ಆ ದಿಬ್ಬದ ಮೇಲೆ, ಒಂದು ಲೈಲಾಕ್ ಹೂಗಿಡದ ಪಕ್ಕದಲ್ಲಿ, ಆರ್ಡಿಸ್‌ಳ ಗೋರಿಯಿತ್ತು. ಕಲ್ಲಿದ್ದಲು, ಎಣ್ಣೆ, ಅನಿಲ, ಜಲ್ಲಿ, ಕೊನೆಗೆ ಇನ್ನೂ ಹೆಸರಿಡದ ಖನಿಜಗಳನ್ನೂ ಪತ್ರದಲ್ಲಿ ಹೆಸರಿಸಿ ಉಳಿಸಿಕೊಂಡಿದ್ದ ಮಹಾಶಯ, ಹೆಂಡತಿಯ ಪಕ್ಕದಲ್ಲಿ ತನಗೊಂದು ಜಾಗ ಉಳಿಸಿಕೊಳ್ಳುವುದನ್ನೇ ಮರೆತಿದ್ದ. ಎದೆಯ ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದ ಮೇಲೆ ಅದು ನೆನಪಾಯಿತು. ಹೋಗಿ ಲೊರೇನ್‌ಳನ್ನು ಕೇಳಿದ. ಆಕೆ ಆಗುವುದಿಲ್ಲ ಎಂದಳು. ಅಡಿ ನಿಮ್ಮದಾಗಿರುವ ತನಕ ಯಾವ ದಿನ ಬೇಕಾದರೂ ನನ್ನ ಮಲಗುವ ಕೋಣೆಯ ಕಿಟಕಿಯ ಮುಂದೆ ಕೊರೆಯುವ ಯಂತ್ರ ತಂದು ನಿಲ್ಲಿಸಬಹುದು, ಕಾನೂನು ನಿಮ್ಮ ಕಡೆಗಿದೆ, ನಾನು ಒಂದಂಗುಲವೂ ಕೊಡಲಾರೆ ಎಂದಳು. ಅವಳ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವಳ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ವೆರ್ಲಿನ್ ಮರುದಿನವೇ ಸಲಿಕೆ ಹಿಡಿದು ದಿಬ್ಬ ಹತ್ತಿದ. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದ. ಖನಿಜದ ಒಡೆಯನಿಗೆ ಪರೀಕ್ಷೆಗೆಂದು ಅಗೆಯುವ ಹಕ್ಕಿದೆಯಂತೆ. ಆರ್ಡಿಸ್‌ಳ ಪಕ್ಕದಲ್ಲೇ ಅಗೆಯತೊಡಗಿದ, ಆಳಿನುದ್ದ, ಭುಜದಗಲ. ಲೊರೇನ್ ಕಾಫಿ ಲೋಟ ಹಿಡಿದು ಬಂದು ನಿಂತಳು.

"ಏನ್ ಹುಡುಕ್ತಿದೀರಿ?"

"ಖನಿಜ."

"ಸಿಕ್ತಾ?"

"ಇನ್ನೂ ಹಾಕಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಆಕೆ ಕಾಫಿ ಹೀರಿ ತಣ್ಣಗೆ ಹೇಳಿದಳು: "ತೆಗೆಯೋ ಹಕ್ಕು ನಿಮಗಿದೆ, ಸ್ಟೆನ್‌ರುಡ್ ಅವ್ರೇ. ಇಡೋ ಹಕ್ಕಿಲ್ಲ. ಪತ್ರ ನೋಡ್ಕೊಳ್ಳಿ, ನೀವೇ ಬರೆಸಿದ್ದು."

ಅವನು ಗುಂಡಿಯ ಅಂಚಿನಲ್ಲಿ ಕುಸಿದು ಕುಳಿತ. ಅಡಿಯದನ್ನೆಲ್ಲ ನನಗೆ ಬಿಟ್ಟುಕೊಡಿ, ಈ ಜಾಗ ನಿಮ್ಮದು ಎಂದು ಆಕೆ ಹೇಳಿದಾಗ, ಸಲಿಕೆಯನ್ನು ಅಲ್ಲೇ ಬಿಟ್ಟು ಎದ್ದುಹೋದ.

ಆ ವಾರದಲ್ಲೇ ಅವನು ವಕೀಲರ ಕಚೇರಿಗೆ ಬಂದ; ಲೊರೇನ್ ಆಗಲೇ ಬಂದಿದ್ದಳು, ಸಾಕ್ಷಿಗೆ ನಾನೂ ಇದ್ದೆ. ಪತ್ರವನ್ನು ಎರಡೆರಡು ಸಲ ಓದಿ ಪೆನ್ನು ಹಿಡಿದ.

"ಹಾಗಾದ್ರೆ ಒಳಗೆ ಹೋದ್ಮೇಲೆ ನಾನೂ ನಿಮ್ಮ ಆಸ್ತಿನೇ," ಎಂದ.

"ಎಣ್ಣೆ ಬಂದ್ರೆ ತಿಳಿಸ್ತೀನಿ," ಎಂದಳು ಆಕೆ.

ಅವನು ಸಹಿ ಹಾಕಿದ. ಹಾಕಿದ ಮೇಲೆ ಇನ್ನೊಂದು ಷರತ್ತು ಸೇರಿಸಬೇಕು ಎಂದ. ಅಲ್ಲಿರುವ ಲೈಲಾಕ್ ಆರ್ಡಿಸ್ ಬದುಕಿದ್ದಾಗ ನೆಟ್ಟದ್ದು, ನೀರೆಲ್ಲ ಈಗ ಡಾಕ್ಟರದು, ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ಅದಕ್ಕೆ ಸಿಗಬೇಕು. ವಕೀಲ ಬರೆದುಕೊಳ್ಳತೊಡಗಿದ.

"ನೀರು ಕೊಡ್ತೀನಿ. ನೀವು ಹೋದ್ಮೇಲೆ ಹೊತ್ಕೊಂಡು ಹೋಗಿ ಹಾಕೋರ್ ಯಾರು?" ಎಂದು ಲೊರೇನ್ ಕೇಳಿದಳು.

ವೆರ್ಲಿನ್ ಅದನ್ನೂ ಮರೆತಿದ್ದ.

"ನಾನ್ ಹಾಕ್ತೀನಿ," ಎಂದಳು ಆಕೆ. "ಅದನ್ನೂ ಬರ್ಕೊಡ್ಬೇಕಾ?"

ವಕೀಲನ ಪೆನ್ನು ಆಗಲೇ ಓಡುತ್ತಿತ್ತು. ವೆರ್ಲಿನ್ ತನ್ನ ಒರಟು ಅಂಗೈಯನ್ನು ಕಾಗದದ ಮೇಲಿಟ್ಟು ಅದನ್ನು ತಡೆದ.

"ಬೇಡ ಬಿಡಿ, ಡಾಕ್ಟ್ರೇ. ನೀವು ಹೇಳಿದ್ರಲ್ಲ."