ರಾಹೇಲಜ್ಜಿ ಹೇಳದ ಮಾತು

"ನನ್ನೊಬ್ಬಳಿಗೋಸ್ಕರ ಯಾಕೆ ಅಷ್ಟು ಖರ್ಚು? ನಾನು ಮನೇಲೇ ಕುಂತು ಹಾಡ್ಕಂತೀನಿ ಬಿಡ್ರಿ" — ಈ ಮಾತನ್ನು ರಾಹೇಲಜ್ಜಿ ಹೇಳಲೇ ಇಲ್ಲ. ಹೇಳಿದ್ದು ನಾನು. ಅವರು ಹೇಳಿದರೆಂದು ಹಿರಿಯೂರಿನ ನಮ್ಮ ಚರ್ಚಿನ ಸಭೆಯವರ ಮುಂದೆ ನಿಂತು, ದನಿ ಕೂಡ ನಡುಗದಂತೆ ಹೇಳಿಬಿಟ್ಟೆ. ಅದಾಗಿ ಮೂರು ಕ್ರಿಸ್‌ಮಸ್ ಕಳೆದವು. ಆ ಮಾತು ಈಗಲೂ ನಮ್ಮ ಚರ್ಚಿನಲ್ಲಿ ಓಡಾಡಿಕೊಂಡಿದೆ. ಡಿಸೆಂಬರ್ ಹತ್ತಿರ ಬಂತೆಂದರೆ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ನಾನು ಲಿಲ್ಲಿ. ಪೇಟೆಯಲ್ಲಿ ರವಿಕೆ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ತುಂಡು ಬಟ್ಟೆಯನ್ನೂ ಬಿಸಾಡುವವಳಲ್ಲ. ಹೋದ ವರ್ಷದ ನಕ್ಷತ್ರಕ್ಕೆ ಹೊಸ ಬಣ್ಣದ ಕಾಗದ ಅಂಟಿಸಿ ಈ ವರ್ಷವೂ ತೂಗುಹಾಕುತ್ತೇನೆ. ಕೇಕಿಗೆ ಬೇಕಾದ ದ್ರಾಕ್ಷಿ, ಗೋಡಂಬಿಯನ್ನು ಬೆಲೆ ಏರುವ ಮೊದಲೇ ತಂದು ಡಬ್ಬಿಗೆ ತುಂಬುತ್ತೇನೆ. ಮಗಳ ಹಬ್ಬದ ಫ್ರಾಕಿಗೆ ಅಂಚು ಹೆಚ್ಚಾಗಿ ಮಡಿಸಿ ಹೊಲಿಯುತ್ತೇನೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದಲ್ಲ. "ಇವಳ ಕೈಗೆ ಸರ್ಕಾರ ಕೊಟ್ಟಿದ್ರೆ ದೇಶ ಉದ್ಧಾರ ಆಗ್ತಿತ್ತು" ಎಂದು ನನ್ನ ಗಂಡ ರೇಗಿಸುತ್ತಾರೆ. ರೇಗಿಸಿದರೂ ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆ ಇಲ್ಲದಿದ್ದರೆ ಬಹುಶಃ — ಬೇಡ, ತಪ್ಪನ್ನು ಹೆಮ್ಮೆಯ ಮೇಲೆ ಹಾಕಿ ನಾನು ಜಾರಿಕೊಳ್ಳುವುದು ಬೇಡ.

ರಾಹೇಲಜ್ಜಿಯ ಮನೆ ಇರುವುದು ಧರ್ಮಪುರದಾಚೆಯ ಒಂದು ಹಟ್ಟಿಯಲ್ಲಿ. ಮಗಳು, ಅಳಿಯನ ಜೊತೆ ಇದ್ದಾರೆ. ಸುತ್ತ ಕುರಿ ಸಾಕುವವರ ಮನೆಗಳು. ಚರ್ಚಿಗೆ ಬರುವ ಮನೆ ಅವರದೊಂದೇ, ಅದೂ ದೂರವಾದ್ದರಿಂದ ಅಪರೂಪಕ್ಕೆ. ಹಬ್ಬಕ್ಕೆ ಮುಂಚೆ ಮನೆಮನೆಗೆ ಹೋಗಿ ಕ್ಯಾರಲ್ ಹಾಡುವುದು ನಮ್ಮ ಪದ್ಧತಿ. ಊರೊಳಗಿನ ಮನೆಗಳಿಗೆ ಸಂಜೆ ನಡೆದುಕೊಂಡೇ ಹೋಗುತ್ತೇವೆ. ಕೊನೆಯ ದಿನ ಮಾತ್ರ ಟೆಂಪೋ ಮಾಡಿಕೊಂಡು, ಗಿಟಾರ್, ಡೋಲಕ್ ಹೇರಿಕೊಂಡು, ಹತ್ತಿಯ ಗಡ್ಡ ಕಟ್ಟಿದ ಕ್ರಿಸ್‌ಮಸ್ ತಾತನನ್ನೂ ಕೂರಿಸಿಕೊಂಡು ಅಜ್ಜಿಯ ಮನೆಗೆ ಹೊರಡುತ್ತಿದ್ದೆವು. ಹಟ್ಟಿಗೆ ಹಟ್ಟಿಯೇ ಅಲ್ಲಿ ಸೇರಿರುತ್ತಿತ್ತು. ಪಕ್ಕದ ಮನೆಯವರು ಬಂದು ಅಂಗಳಕ್ಕೆ ನೀರು ಚಿಮುಕಿಸಿರುತ್ತಿದ್ದರು. ವರ್ಷವೆಲ್ಲ ಬೇರೆಯವರ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಅಜ್ಜಿ, ಆ ಸಂಜೆ ಮಾತ್ರ ಇಡೀ ಹಟ್ಟಿಯನ್ನು ಕರೆದು ಕೂರಿಸುವ ಯಜಮಾನಿ. "ಬರ್ರಿ, ಒಳಗ್ ಬರ್ರಿ, ಕುಂತ್ಕಳ್ರಿ" ಅನ್ನುವಾಗ ಅವರ ದನಿಯೇ ಬೇರೆ. ಕೊಯ್ಲು ಮುಗಿದ ಹೊಲದಲ್ಲಿ ಮಣ್ಣು ಕೆದಕಿ, ಉಳಿದುಹೋದ ಶೇಂಗಾ ಆಯ್ದು ತಂದು, ಹುರಿದು ಬೆಲ್ಲ ಹಾಕಿ ಕುಟ್ಟಿ ಉಂಡೆ ಕಟ್ಟಿರುತ್ತಿದ್ದರು. ನಮಗೂ ಹಟ್ಟಿಯ ಮಕ್ಕಳಿಗೂ ಅದೇ ಉಂಡೆ. ಬೆಲ್ಲವೊಂದು ಬಿಟ್ಟರೆ ಅಂಗಡಿಯದೆನ್ನುವುದು ಅದರಲ್ಲಿ ಏನೂ ಇರಲಿಲ್ಲ. ದುಂದಿಲ್ಲದ ಹಬ್ಬ ಅಂದರೆ ಅದೇ ಆಗಿತ್ತು — ಆದರೆ ದುಂದು ಕಡಿಮೆ ಮಾಡಲು ಹೊರಟ ನನ್ನ ಕತ್ತರಿ ಮೊದಲು ಬಿದ್ದದ್ದು ಅದರ ಮೇಲೆಯೇ.

ಆ ವರ್ಷ ಸಭೆಯ ಕೈಯಲ್ಲಿ ದುಡ್ಡು ಕಡಿಮೆ ಇತ್ತು. ಹಬ್ಬದ ಖರ್ಚಿನ ಮಾತು ಬಂದಾಗ ನಾನೇ ಎದ್ದು ಹೇಳಿದೆ — ಧರ್ಮಪುರದ ಟೆಂಪೋ ಬಿಟ್ಟರೆ ಹಬ್ಬದ ದಿನ ಎಲ್ಲರಿಗೂ ಒಂದು ಊಟ ಹಾಕಬಹುದು. ಎಲ್ಲರೂ ತಲೆಯಾಡಿಸಿದರು. ನಮ್ಮ ಪಾಸ್ಟರ್ — ನಾವು ಅಯ್ಯನವರು ಅನ್ನುತ್ತೇವೆ — ಮಾತ್ರ, "ಅಜ್ಜಿ ಒಪ್ಪಿದ್ರೆ ಸರಿ. ಒಪ್ಪದಿದ್ರೆ ಹೋಗಾಣ. ಯಾರಾದ್ರೂ ಹೋಗಿ ಎದುರಿಗೇ ಕೇಳ್ಕೊಂಡು ಬರ್ರಿ, ಇದು ಫೋನಿನ ಮಾತಲ್ಲ" ಅಂದರು. ಸಲಹೆ ಕೊಟ್ಟವಳು ನಾನು, ಹೋಗುವವಳೂ ನಾನೇ ಆದೆ.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ಹೋದೆ. ಧರ್ಮಪುರದ ಬಸ್ಸು ನಿಂತಿತ್ತು. ಸೀಟು ಇತ್ತು. ಇರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ — ಇತ್ತು. ಮೆಟ್ಟಿಲ ಹತ್ತಿರ ನಿಂತೆ. ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ಅವರು ಒಪ್ಪುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಒಪ್ಪುವುದಿಲ್ಲ ಅಂದರೆ — ನನ್ನ ಲೆಕ್ಕಾಚಾರವೆಲ್ಲ ಮಣ್ಣುಪಾಲು, ಜೊತೆಗೆ ಅವರ ಎದುರು ನಿಂತು "ಬರೋದಿಲ್ಲ ಅಜ್ಜಿ" ಅನ್ನುವ ಸಂಕಟ. "ಹತ್ತೋದಾದ್ರೆ ಹತ್ತಮ್ಮ, ಹೊರಡ್ತೀವಿ" ಎಂದ ಕಂಡಕ್ಟರ್. ನಾನು ಪಕ್ಕಕ್ಕೆ ಸರಿದೆ. ಬಸ್ಸು ಹೋಯಿತು. ಕಾಫಿ ಕುಡಿದೆ, ನಕ್ಷತ್ರಕ್ಕೆ ಬಣ್ಣದ ಕಾಗದ ಕೊಂಡೆ, ಹೋಗಿಬರುವಷ್ಟು ಹೊತ್ತು ಅಲ್ಲೇ ಸುತ್ತಾಡಿ ಮನೆಗೆ ಬಂದೆ.

ಸಂಜೆ ಚರ್ಚಿನಲ್ಲಿ ಎಲ್ಲರ ಮುಂದೆ ಅಯ್ಯನವರು ಕೇಳಿದರು, "ಏನಂದ್ರು ಅಜ್ಜಿ?" ಆಗ ಹೇಳಿದೆ ಆ ಮಾತನ್ನು. ಮೊದಲೇ ಯೋಚಿಸಿಟ್ಟದ್ದಲ್ಲ, ಅಜ್ಜಿಯ ಧಾಟಿಯಲ್ಲೇ, ಅವರದೇ ದನಿಯಲ್ಲಿ ತಾನಾಗಿ ಬಾಯಿಗೆ ಬಂತು. ಅಷ್ಟು ಸಲೀಸಾಗಿ ಬಂದದ್ದೇ ನನಗೆ ಈಗ ಹೆದರಿಕೆ ಹುಟ್ಟಿಸುತ್ತದೆ. ಅಲ್ಲಿದ್ದವರ ಕಣ್ಣು ತುಂಬಿತು.

ಹೋಗಲಿ, ಬರುವುದಿಲ್ಲ ಎಂದಾದರೂ ಅಜ್ಜಿಗೆ ತಿಳಿಸಬಹುದಿತ್ತು. ಫೋನು ಮಾಡಲು ಧೈರ್ಯ ಬರಲಿಲ್ಲ. ಯಾರ ಕೈಲಿ ಹೇಳಿ ಕಳಿಸುವುದು? ಹೇಳಿ ಕಳಿಸಿದರೆ ನಾನು ಹೋಗಿಲ್ಲ ಎಂಬುದು ಆ ಸುದ್ದಿ ಒಯ್ಯುವವರಿಗೆ ಗೊತ್ತಾಗುತ್ತದೆ. ನಾಳೆ ನಾನೇ ಹೋಗುತ್ತೇನೆ ಅಂದುಕೊಂಡೆ. ಹಬ್ಬದ ರವಿಕೆಗಳು ರಾಶಿ ಬಿದ್ದಿದ್ದವು. ನಾಳೆ, ನಾಡಿದ್ದು — ಹಾಗೇ ಅಜ್ಜಿಯ ಮನೆಗೆ ಹೋಗುತ್ತಿದ್ದ ಆ ಸಂಜೆ ಬಂದುಬಿಟ್ಟಿತು. ಹೊಲಿಗೆ ಮಿಷನ್ ತುಳಿಯುತ್ತ ಕೂತಿದ್ದೆ. ಈಗ ಅಂಗಳಕ್ಕೆ ನೀರು ಚಿಮುಕಿಸಿರುತ್ತಾರೆ. ಈಗ ಮಕ್ಕಳು ರಸ್ತೆಗೆ ಬಂದು ನಿಂತಿರುತ್ತಾರೆ. ತೋಳನ್ನು ತಿರುವುಮುರುವಾಗಿ ಹೊಲಿದೆ, ಬಿಚ್ಚಿದೆ, ಮತ್ತೆ ಹಾಗೇ ಹೊಲಿದೆ.

ಹಬ್ಬದ ದಿನ ಅಯ್ಯನವರು ಉಪದೇಶ ಮಾಡುವಾಗ ಅಜ್ಜಿಯ ಮಾತನ್ನೇ ಎತ್ತಿ ಹೇಳಿದರು. ಆಡಂಬರವಿಲ್ಲದ ಹಬ್ಬ ಹೇಗೆಂದು ಓದುಬರಹ ಬಾರದ ತಾಯಿಯೊಬ್ಬರು ನಮಗೆ ಕಲಿಸಿದ್ದಾರೆ ಎಂದರು. ಆಮೇಲೆ ಬಿರಿಯಾನಿ. ನಾನೂ ತಿಂದೆ.

ಅಜ್ಜಿ ಚರ್ಚಿಗೆ ಬಂದದ್ದು ಹೊಸ ವರ್ಷ ಕಳೆದ ಮೇಲೆ, ಕಾಣಿಕೆಗೆಂದು ಒಂದು ಚೀಲ ಶೇಂಗಾ ಹಿಡಿದುಕೊಂಡು. ಹೆಂಗಸರೆಲ್ಲ ಸುತ್ತುವರಿದರು. "ಎಂಥ ದೊಡ್ಡ ಮನಸ್ಸು ಅಜ್ಜಿ ನಿಮ್ದು! ನೀವು ಹೇಳಿದ್ದನ್ನೆಲ್ಲ ಲಿಲ್ಲಿ ಹೇಳಿದ್ಲು." ಅಜ್ಜಿಗೆ ಅರ್ಥವಾಗಲಿಲ್ಲ. ಮೆಲ್ಲಗೆ ಕತ್ತು ತಿರುಗಿಸಿ ನನ್ನನ್ನು ಹುಡುಕಿದರು. ನಾನು ಕಂಬದ ಪಕ್ಕದಲ್ಲಿದ್ದೆ. ಒಂದು ಗಳಿಗೆ ನನ್ನನ್ನೇ ನೋಡಿ, ಆ ಹೆಂಗಸರ ಕಡೆ ತಿರುಗಿ "ಹೂಂ" ಅಂದರು. ಅಷ್ಟೇ. ನನ್ನ ಬಳಿ ಬರಲಿಲ್ಲ, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ನಾಲ್ಕು ಜನರ ಮುಂದೆ ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

ಆಮೇಲೆ ಟೆಂಪೋ ಧರ್ಮಪುರದ ಕಡೆ ಹೋಗಲೇ ಇಲ್ಲ. ಯಾರೂ ಕೇಳಲೂ ಇಲ್ಲ — ಅಜ್ಜಿಯೇ ಬೇಡ ಅಂದಿದ್ದಾರಲ್ಲ! ಹೋದ ಭಾನುವಾರ ಈ ವರ್ಷದ ಹಬ್ಬದ ಮಾತುಕತೆ ನಡೆಯಿತು. ಹೊಸದಾಗಿ ಖಜಾಂಚಿಯಾದ ಹುಡುಗಿ, "ರಾಹೇಲಜ್ಜಿ ಹೇಳಿದಂಗೆ ಸಿಂಪಲ್ಲಾಗೇ ಮಾಡಾಣ" ಅಂದಳು. ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. "ಟೀ ಆರಿ ಹೋಗ್ತೈತೆ, ಕುಡೀರಿ" ಎಂದು ಹೇಳಿ ಕೂತೆ.

ಆ ನಾಚಿಕೆಯೇ ನನ್ನನ್ನು ಮಾರನೆಯ ದಿನ ಬಸ್ಸು ಹತ್ತಿಸಿತು. ಅಂದು ಸೀಟು ಇರಲಿಲ್ಲ, ನಿಂತೇ ಹೋದೆ.

ಅಜ್ಜಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಕುಳಿತುಕೊಳ್ಳುವ ಮೊದಲೇ ಎಲ್ಲವನ್ನೂ ಹೇಳಿದೆ — ಬಸ್ಸು, ಕಾಫಿ, ಆ ಮಾತು, ಎಲ್ಲ. ಅವರ ಕೈ ನಿಲ್ಲಲಿಲ್ಲ.

"ಗೊತ್ತೈತೆ ಬಿಡು" ಅಂದರು. "ನಾನು ಆಡಿದ ಮಾತು ನನಗೆ ಗೊತ್ತಿರಲ್ವಾ?"

"ಮತ್ತೆ ಅವತ್ತು ಯಾಕೆ ಹೂಂ ಅಂದ್ರಿ ಅಜ್ಜಿ?"

"ಸಿಟ್ಟು ಬಂದಿತ್ತು. ಬಯ್ಯಾಣ ಅಂತಾನೇ ಇದ್ದೆ. ಅಷ್ಟೊತ್ತಿಗೆ ಎಲ್ರೂ ಕೈ ಹಿಡ್ಕಂಡು ಹೊಗಳಾಕೆ ಹತ್ತಿದ್ರು. ನನ್ನ ಹಂಗೆ ಯಾರೂ ಹೊಗಳಿರ್ಲಿಲ್ಲ ಕಣಮ್ಮ. ಅದಕ್ಕೆ ಸುಮ್ಕಾದೆ. ಅದು ನನ್ನ ತಪ್ಪು."

ಅವರು ತಮ್ಮ ತಪ್ಪೆಂದು ಒಪ್ಪಿಕೊಂಡದ್ದನ್ನು ಕೇಳಿ ನನಗೆ ಅಳು ಬಂತು. ತಪ್ಪಾಯಿತು, ಕ್ಷಮಿಸಿ ಅಂದೆ. ಅವರು ಸಿಪ್ಪೆಯನ್ನು ಕೈಯಿಂದ ಪಕ್ಕಕ್ಕೆ ಗುಡಿಸಿ, ಮೊದಲ ಸಲ ನನ್ನ ಮುಖ ನೋಡಿದರು.

"ಹಟ್ಟಿ ಹುಡುಗ್ರು ಕೇಳ್ತಾವೆ ಲಿಲ್ಲಮ್ಮ. ಮೊದಲ್ನೇ ವರ್ಷ ಟೆಂಪೋ ಕೆಟ್ಟೋಯ್ತಂತೆ ಅಂದೆ. ಆಮೇಲೆ ಅಯ್ಯನೋರಿಗೆ ಜ್ವರ ಅಂದೆ. ಹೋದ್ ಸಲ ಮಳೆ ಅಂದೆ, ಅವತ್ತು ಮಳೇನೇ ಇರ್ಲಿಲ್ಲ, ಹುಡುಗ್ರು ನಕ್ಕರು. ಈ ವರ್ಷ ಏನ್ ಹೇಳ್ಲಿ? ಮಾತು ಕಟ್ಟೋದ್ರಲ್ಲಿ ನೀನು ಜಾಣೆ. ನೀನೇ ಹೇಳ್ಕೊಡು."

ನನ್ನ ಒಂದು ಸುಳ್ಳಿನಿಂದಾಗಿ ಅವರು ವರ್ಷಕ್ಕೊಂದು ಸುಳ್ಳು ಹೊಂದಿಸುತ್ತಿದ್ದರು — ಆ ಹಟ್ಟಿಯಲ್ಲಿ, ಮಕ್ಕಳ ಮುಂದೆ, ನಮ್ಮ ಚರ್ಚಿನ ಮಾನ ಉಳಿಸಲು. ಮೂರು ವರ್ಷ ನಾನು ಕಾಗದ, ದ್ರಾಕ್ಷಿ, ಬಟ್ಟೆ ಎಲ್ಲ ಉಳಿಸಿದೆ. ಖರ್ಚಾದದ್ದು ಹಟ್ಟಿಯಲ್ಲಿ ಅವರಿಗಿದ್ದ ಮಾನ.

ಈ ಭಾನುವಾರ ಆರಾಧನೆಯ ಕೊನೆಯಲ್ಲಿ ಪ್ರಕಟಣೆಗಳನ್ನು ಓದುವ ಹೊತ್ತಿಗೆ ಎದ್ದು ನಿಲ್ಲುತ್ತೇನೆ. ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ. ಟೆಂಪೋ ಕಳಿಸುವುದು ಬಿಡುವುದು ಸಭೆಗೆ ಸೇರಿದ್ದು. ಅದರ ಬಗ್ಗೆ ಬಾಯಿ ಹಾಕುವ ಯೋಗ್ಯತೆ ನನಗಿಲ್ಲ. ಅದು ಹೋಗದಿದ್ದರೆ ಕ್ಯಾರಲ್‌ನ ಆ ಕೊನೆಯ ಸಂಜೆ ಬಸ್ಸು ಹತ್ತಿ ನಾನೊಬ್ಬಳೇ ಹೋಗುತ್ತೇನೆ. ನನಗೆ ಹಾಡಲು ಬರುವುದಿಲ್ಲ, ದನಿಯೂ ಒಡಕು. ಆದರೆ ಇಷ್ಟು ವರ್ಷ ನೀವು ಯಾಕೆ ಬರಲಿಲ್ಲ ಎಂದು ಹಟ್ಟಿಯ ಮಕ್ಕಳು ಕೇಳಿದಾಗ ಉತ್ತರ ಹೇಳಬೇಕಾದವಳು ನಾನು, ಅಜ್ಜಿಯಲ್ಲ.