ಡಿಟಿಪಿ ಇಂದ್ರಾಣಿಯ ಅನುಮಾನ

ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದೆ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ತಗಡೂರಿನ ಇಂದ್ರಾಣಿಗೆ ದೇವರು ಧಾರಾಳವಾಗಿ ಕೊಟ್ಟಿದ್ದು ಎರಡೇ: ಚುರುಕು ಬೆರಳು, ಸಾಯದ ಅನುಮಾನ. ಇಪ್ಪತ್ತು ವರ್ಷ ಕಾಲೇಜು ಮೇಷ್ಟ್ರುಗಳ ಪ್ರಬಂಧ ಟೈಪು ಮಾಡಿ ಮಾಡಿ, ಯಾವುದು ಸ್ವಂತದ್ದು, ಯಾವುದು ಕದ್ದದ್ದು ಎಂದು ಮೊದಲ ಪುಟದಲ್ಲೇ ಹೇಳುತ್ತಿದ್ದಳು. ಓದಿದವರಲ್ಲಿ ಅರ್ಧ ಜನ ಕಳ್ಳರು, ಉಳಿದರ್ಧ ಇನ್ನೂ ಸಿಕ್ಕಿಬಿದ್ದಿಲ್ಲ ಅನ್ನುವುದು ಅವಳ ತೀರ್ಮಾನ. ಹಾಗಂತ ಯಾರ ಕೆಲಸವನ್ನೂ ವಾಪಸ್ ಕಳಿಸಿದವಳಲ್ಲ.

ಮೊನ್ನೆ ಟಿ. ನರಸೀಪುರದ ಕಾಲೇಜೊಂದರ ವಿಚಾರ ಸಂಕಿರಣದ ಸಂಪುಟ ಕೈಗೆ ಬಂತು. ಮೂವತ್ತೆಂಟು ಪ್ರಬಂಧ, ಹತ್ತು ದಿನದ ಗಡುವು. ಹನ್ನೊಂದನೆಯದು ನಟರಾಜ್ ಮೇಷ್ಟ್ರದು, ಬಿತ್ತನೆ ಭತ್ತ ಕಾಪಾಡುವ ಹೆಂಗಸರ ಬಗ್ಗೆ. ಭತ್ತ ಒಣಗಿದೆಯೋ ಇಲ್ಲವೋ ನನಗೆ ಉಳಿದಿರುವ ಎರಡು ಹಲ್ಲಿಗೆ ಗೊತ್ತು ಅನ್ನುತ್ತಾಳೆ ಅದರಲ್ಲಿ ಮುಡುಕುತೊರೆಯ ಅಜ್ಜಿ. ಇಂದ್ರಾಣಿಯ ಬೆರಳು ನಿಂತುಬಿಟ್ಟವು. ಆ ಎರಡು ಹಲ್ಲು ಅವಳ ದೊಡ್ಡಮ್ಮ ಚಿಕ್ಕಬಸಮ್ಮನವು. ಹೋದ ವರ್ಷ ಅತಿಥಿ ಉಪನ್ಯಾಸಕಿ ಹೇಮಲತಾಳನ್ನು ದೊಡ್ಡಮ್ಮನ ಹತ್ತಿರ ಕರೆದೊಯ್ದವಳೂ ಇವಳೇ, ಆಮೇಲೆ ಅವಳ ಕೈಬರಹ ನೋಡಿ ಇದೇ ಪ್ರಬಂಧ ಟೈಪು ಮಾಡಿದವಳೂ ಇವಳೇ.

ದೊಡ್ಡಮ್ಮನಿಗೆ ಫೋನು ಮಾಡಿ, ಮೇಷ್ಟ್ರು ಯಾರಾದರೂ ಬಂದಿದ್ದರಾ ಎಂದು ಕೇಳಿದಳು.

“ಯಾವ್ ಗಂಡ್ಸೂ ಬಂದಿಲ್ಲ ಕಣವ್ವ. ಆ ಎಣ್ಮಗ ಒಂದೇ ಬಂದಿದ್ದು, ಮುದ್ದೆ ಉಪ್ಸಾರು ಉಂಡ್ಕಂಡು ಓಯ್ತು.”

ಇಂದ್ರಾಣಿಗೆ ಮೈಯೆಲ್ಲ ಉರಿಯಿತು. ಈ ಪ್ರಬಂಧವೇ ಹೇಮಲತಾಳ ಪಿಎಚ್.ಡಿ.ಯ ಮುಖ್ಯ ಅಧ್ಯಾಯ. ಸಂಪುಟ ಮೊದಲು ಅಚ್ಚಾದರೆ, ನಾಳೆ ನಕಲು ಹಿಡಿಯುವ ಸಾಫ್ಟ್‌ವೇರ್ ಕಣ್ಣಿಗೆ ಕಳ್ಳಿ ಆಗುವವಳು ಹೇಮಲತಾ. ನಟರಾಜ್ ಅವರಿಗೇ ಫೋನು ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಮನುಷ್ಯ ತಣ್ಣಗೆ ಮಾತಾಡಿದರು: ಹಳ್ಳಿ ಅಜ್ಜಿಯರು ಹೇಳುವುದೆಲ್ಲ ಒಂದೇ ಥರ, ಯಾರಿಗಾದರೂ ತಕರಾರಿದ್ದರೆ ಪುರಾವೆ ತರಲಿ, ನೀನು ಟೈಪು ಮಾಡುವುದು ನೋಡಿಕೋ.

ಸುದ್ದಿ ತಿಳಿಸಿದ್ದೇ, ಸಂಜೆ ಹೇಮಲತಾ ಅಂಗಡಿಗೆ ಓಡಿ ಬಂದಳು. ಕೈಬರಹದ ಪುಸ್ತಕವಿತ್ತು, ಆದರೆ ಅದು ಆಮೇಲೆ ನಕಲು ಮಾಡಿದ್ದು ಎಂದು ಮೇಷ್ಟ್ರು ಅಂದರೆ ಏನು ಹೇಳುವುದು? ಪ್ರಬಂಧ ಯಾರ ಕೈಗೆ ಕೊಟ್ಟಿದ್ದೆ ಎಂದು ಇಂದ್ರಾಣಿ ಪೊಲೀಸಿನವರ ಹಾಗೆ ಅವಳ ವಿಚಾರಣೆ ಶುರುಮಾಡಿದಳು. ರೂಮಿನ ಗೆಳತಿ, ಮಾರ್ಗದರ್ಶಕರು, ಕಾಲೇಜಿನ ಗುಮಾಸ್ತ, ಒಬ್ಬರನ್ನೂ ಬಿಡಲಿಲ್ಲ. ಯಾರಿಗೂ ಕೊಟ್ಟಿಲ್ಲ ಎಂದು ಹೇಮಲತಾ ಕಣ್ಣೊರೆಸಿಕೊಳ್ಳುತ್ತ ಮುಖ ತೊಳೆಯಲು ಹೊರಗೆ ಹೋದಳು. ಅವಳಿಗೆ ಫೈಲು ಕಳಿಸಿದ ತಾರೀಕಾದರೂ ಸಿಗಲಿ ಎಂದು ಇಂದ್ರಾಣಿ ಹಳೆಯ ಮೇಲ್‌ಗಳನ್ನು ಹುಡುಕಿದಳು.

ಫೈಲು ಎರಡು ಕಡೆ ಹೋಗಿತ್ತು. ಒಂದು ಹೇಮಲತಾಳಿಗೆ. ಇನ್ನೊಂದು ನಟರಾಜ್ ಅವರಿಗೆ: “ಸಾರ್, ಅಡಿಟಿಪ್ಪಣಿ ಹೆಂಗೆ ಹಾಕೋದು ಅಂತ ಕೇಳಿದ್ರಲ್ಲ, ಇದನ್ನ ಮಾದರಿಗೆ ನೋಡ್ಕೊಳ್ಳಿ. ಇಂದ್ರಾಣಿ.”

ಕೇಳಿದ ಮೇಷ್ಟ್ರುಗಳಿಗೆ ನೀಟಾಗಿರುವ ಹಳೆಯ ಪ್ರಬಂಧವೊಂದನ್ನು ಮಾದರಿಗೆಂದು ಕಳಿಸುವುದು ಅಂಗಡಿಯ ವಾಡಿಕೆ. ಕಳಿಸಿದ್ದು ಅವಳಿಗೆ ಮರೆತೇ ಹೋಗಿತ್ತು. ಅಳಿಸಲು ಒಂದು ಗುಂಡಿ ಸಾಕು, ಯಾರಿಗೂ ತಿಳಿಯುವುದಿಲ್ಲ. ಆದರೆ ತಾರೀಕು, ಹೇಮಲತಾಳ ಹೆಸರು, ನಟರಾಜ್ ವಿಳಾಸ, ಮೂರೂ ಒಟ್ಟಿಗಿರುವ ಪುರಾವೆ ಇದೊಂದೇ.

ಹೇಮಲತಾ ಒಳಗೆ ಬಂದಾಗ ಇಂದ್ರಾಣಿ ಮಾನಿಟರನ್ನು ಅವಳ ಕಡೆ ತಿರುಗಿಸಿದಳು. ಅವಳು ಎರಡು ಸಲ ಓದಿದಳು. ನಟರಾಜ್ ಹೆಸರು ಎತ್ತಲೇ ಇಲ್ಲ.

“ಇನ್ನೂ ಯಾರ್‌ಯಾರಿಗೆ ಕಳ್ಸಿದ್ದೀರಾ, ಅಕ್ಕಾ?”

ಸಂಪಾದಕರಿಗೆ ಬರೆಯುವ ದೂರಿಗೆ ಲಗತ್ತಿಸಲು ಇಂದ್ರಾಣಿ ಪ್ರಿಂಟ್ ಒತ್ತಿದಳು.

“ಗ್ಯಾಪ್ಕ ಇಲ್ಲ ಕಣಮ್ಮ. ಕೇಳ್ದೋರ್ಗೆಲ್ಲ ಕಳ್ಸಿದ್ದೀನಿ.”